ಉಬ್ಬಿದ ವಸಡು ಕತ್ತರಿಸಿ ಶೇಪ್ ಕೊಟ್ಟಿದ್ದು: ನನ್ನ ಅನುಭವ

ನಾನು ವಸಡಿನ ಡಾಕ್ಟರು, ಬಸವನಗುಡಿ ಕಡೆ ಚಿಕ್ಕ ಕ್ಲಿನಿಕ್ಕು. ಜಿಂಜಿವೆಕ್ಟಮಿ ಅಂದ್ರೆ ಜಾಸ್ತಿ ಬೆಳೆದಿರೋ ವಸಡನ್ನ ಕತ್ತರಿಸಿ ತೆಗೆಯೋದು, ಜಿಂಜಿವೊಪ್ಲಾಸ್ಟಿ ಅಂದ್ರೆ ಉಳಿದಿದ್ದಕ್ಕೆ ಸರಿಯಾದ ಆಕಾರ ಕೊಡೋದು. ಪುಸ್ತಕದಲ್ಲಿ ಇವೆರಡು ಬೇರೆ ಬೇರೆ, ಚೇರ್ ಮೇಲೆ ಒಂದೇ ಸಿಟ್ಟಿಂಗಲ್ಲಿ ಎರಡೂ ಆಗುತ್ತೆ. ಜನಕ್ಕೆ ಬ್ಲೇಡ್ ಅಂದ್ರೆ ಭಯ, ನನಗೆ ನಿಜವಾಗ್ಲೂ ತಲೆನೋವು ಬ್ಲೇಡ್ ಹಿಡಿಯೋಕೆ ಮುಂಚಿನ ಕೆಲಸಾನೇ.

ಒಂದು ಕೇಸ್ ಹೇಳ್ತೀನಿ. ವಯಸ್ಸಾದ ಒಬ್ರು ಅಮ್ಮ ಬಂದ್ರು, ಮೇಲಿನ ಮುಂದಿನ ಹಲ್ಲುಗಳ ಸಂದಿಲಿ ವಸಡು ಗುಂಡುಗುಂಡಾಗಿ ಉಬ್ಬಿ ಹಲ್ಲನ್ನೇ ಮುಚ್ಕೊಂಡು ಬಂದಿತ್ತು. "ಡಾಕ್ಟ್ರೇ, ಹಲ್ಲೆಲ್ಲ ಸವೆದು ಚಿಕ್ಕದಾಗೋಯ್ತು" ಅಂದ್ರು. ಹಲ್ಲು ಸವೆದಿಲ್ಲಮ್ಮ, ವಸಡು ಇಳಿದು ಬಂದಿದೆ ಅಂತ ಕನ್ನಡಿ ಕೊಟ್ಟು ತೋರಿಸಿದೆ. ಮಾತ್ರೆ ಚೀಟಿ ನೋಡಿದ್ರೆ ವರ್ಷಗಳಿಂದ ಬಿಪಿಗೆ ಅಮ್ಲೋಡಿಪಿನ್. ಇದು, ನಿಫೆಡಿಪಿನ್, ಫಿಟ್ಸ್‌ಗೆ ಕೊಡೋ ಫೆನಿಟೋಯಿನ್, ಕಿಡ್ನಿ ಕಸಿ ಆದವರು ತಗೊಳ್ಳೋ ಸೈಕ್ಲೋಸ್ಪೊರಿನ್, ಇವೆಲ್ಲ ಕೆಲವರಲ್ಲಿ ವಸಡು ಬೆಳೆಸ್ತವೆ, ಎಲ್ಲರಿಗೂ ಅಲ್ಲ, ಹಲ್ಲಿನ ಮೇಲೆ ಪಾಚಿ ಇದ್ರೆ ಇನ್ನೂ ಜಾಸ್ತಿ. ಹಾಗಂತ ಮಾತ್ರೆ ನೀವೇ ನಿಲ್ಲಿಸ್ಬೇಡಿ ಮಾರಾಯ್ರೆ, ಬಿಪಿ ಏರಿದ್ರೆ ವಸಡಿನ ಚಿಂತೆ ಮಾಡೋಕೂ ಟೈಮ್ ಇರಲ್ಲ. ಅವರ ಫಿಜಿಶಿಯನ್‌ಗೆ ಲೆಟರ್ ಬರೆದೆ, ಅವರು ಟೆಲ್ಮಿಸಾರ್ಟನ್ ಅನ್ನೋ ಬೇರೆ ಬಿಪಿ ಮಾತ್ರೆಗೆ ಬದಲಾಯಿಸಿದ್ರು.

ಆಮೇಲೆ ಸ್ಕೇಲಿಂಗ್, ಬೇರಿನ ತನಕ ಕ್ಲೀನಿಂಗ್, ಬ್ರಷ್ ಮಾಡೋದನ್ನ ಮತ್ತೆ ಕಲಿಸಿದ್ದು, ಕೆಲವು ವಾರ ಬಿಟ್ಟು ಮತ್ತೆ ನೋಡಿದ್ದು. ಮೆತ್ತಗಿದ್ದ ಊತ ಇಳೀತು, ಗಟ್ಟಿಯಾಗಿ ನಾರುನಾರಾಗಿದ್ದ ಭಾಗ ಹಾಗೇ ಉಳೀತು. ಕತ್ತರಿಸ್ಬೇಕಾದ್ದು ಅಷ್ಟು ಮಾತ್ರ. ಮೊದಲ ದಿನವೇ ಬ್ಲೇಡ್ ಎತ್ತೋರನ್ನ ಕಂಡ್ರೆ ನನಗೆ ಆಗಲ್ಲ.

ಸರ್ಜರಿ ದಿನ ಮೊದಲು ಬಿಪಿ ನೋಡಿ, ಮರಗಟ್ಟಿಸೋ ಲಿಗ್ನೋಕೇನ್‌ನಲ್ಲಿ ಬಿಪಿ ಏರಿಸಬಲ್ಲ ಅಡ್ರಿನಲಿನ್ ಇರುತ್ತಲ್ಲ ಅದಕ್ಕೆ ಡೋಸ್ ಕಮ್ಮಿ ಇಟ್ಕೊಂಡು ಇಂಜೆಕ್ಷನ್ ಕೊಟ್ಟೆ. ಮರಗಟ್ಟಿದ ಮೇಲೆ ಪ್ರೋಬ್ ಅನ್ನೋ ತೆಳು ಅಳತೆ ಕಡ್ಡಿನ ವಸಡಿನೊಳಗೆ ಮೂಳೆ ತಾಗೋ ತನಕ ಇಳಿಸಿ ಅಳೀತೀನಿ. ವಸಡಿನ ಅಂಚಿಗೂ ಮೂಳೆಗೂ ಮಧ್ಯೆ ಸುಮಾರು 3 ಮಿ.ಮೀ. ಉಳೀಲೇಬೇಕು, ಅದರಲ್ಲಿ ಹಲ್ಲಿಗೆ ಅಂಟ್ಕೊಂಡಿರೋ ಭಾಗವೇ ಸರಾಸರಿ 2.04 ಮಿ.ಮೀ. ಅಂತ 1961ರಲ್ಲೇ ಗಾರ್ಜುಲೊ ಅನ್ನೋ ಸಂಶೋಧಕರ ತಂಡ ಅಳತೆ ಕೊಟ್ಟಿದೆ. ಅದನ್ನೂ ಸೇರಿಸಿ ಕತ್ತರಿಸಿಬಿಟ್ರೆ ವಸಡು ಕೆಂಪಾಗೇ ಇರುತ್ತೆ, ಇಲ್ಲಾಂದ್ರೆ ಮತ್ತೆ ಬೆಳ್ಕೊಂಡು ಬರುತ್ತೆ. ನಕ್ಕರೆ ವಸಡು ಜಾಸ್ತಿ ಕಾಣುತ್ತೆ ಅಂತ ಮದುವೆಗೆ ಮುಂಚೆ ಓಡಿ ಬರೋ ಹುಡುಗ ಹುಡುಗೀರಿಗೆ ಹೇಳೋದೂ ಇದನ್ನೇ, ಮೂಳೆ ಹತ್ರಾನೇ ಇದ್ರೆ ಬರೀ ವಸಡು ಕತ್ತರಿಸಿ ಪ್ರಯೋಜನ ಇಲ್ಲ, ಮೂಳೆನೂ ಸ್ವಲ್ಪ ತೆಗೀಬೇಕು, ಅದು ಬೇರೆ ಸರ್ಜರಿ. ಒಳಗೆ ಮೂಳೆ ಗುಂಡಿ ಬಿದ್ದಿದ್ರೂ ಅಷ್ಟೆ, ಫ್ಲ್ಯಾಪ್ ತೆರೀಬೇಕು, ಅಂದ್ರೆ ವಸಡನ್ನ ಮೂಳೆಯಿಂದ ಬಿಡಿಸಿ ಎತ್ತಬೇಕು.

ಈ ಅಮ್ಮನಿಗೆ ಮೂಳೆ ಚೆನ್ನಾಗಿತ್ತು. ಪಾಕೆಟ್ ಮಾರ್ಕರ್ ಅಂತ ಒಂದು ಚಿಮಟ ಇದೆ, ಒಂದು ತುದಿ ನೇರ, ಇನ್ನೊಂದು ಒಳಗೆ ಬಾಗಿರುತ್ತೆ. ನೇರ ತುದಿನ ಪಾಕೆಟ್, ಅಂದ್ರೆ ಹಲ್ಲಿಗೂ ವಸಡಿಗೂ ನಡುವಿನ ಬಿರುಕಿನ ತಳಕ್ಕೆ ಇಳಿಸಿ ಒತ್ತಿದ್ರೆ ಬಾಗಿದ ತುದಿ ಹೊರಗಡೆಯಿಂದ ಚುಚ್ಚುತ್ತೆ, ಅಲ್ಲೊಂದು ರಕ್ತದ ಚುಕ್ಕಿ. ಒಂದೊಂದು ಹಲ್ಲಿಗೂ ಮೂರು ಚುಕ್ಕಿ ಇಡ್ತಾ ಹೋದ್ರೆ ಸಾಲಾಗಿ ದಾರಿ ಕಾಣುತ್ತೆ. ಕತ್ತರಿಸೋದು ಚುಕ್ಕಿ ಮೇಲಲ್ಲ, ಅದಕ್ಕಿಂತ ಸ್ವಲ್ಪ ಬೇರಿನ ಕಡೆ, ಕರ್ಕ್‌ಲ್ಯಾಂಡ್ ನೈಫ್ ಅನ್ನೋ ವಸಡಿನ ಚಾಕುನ ಹಲ್ಲಿನ ತುದಿ ಕಡೆಗೆ 45 ಡಿಗ್ರಿ ಓರೆ ಹಿಡಿದು. ಅಂಚು ಪೆನ್ಸಿಲ್ ಚೂಪು ಮಾಡಿದ ಹಾಗೆ ತೆಳ್ಳಗೆ ಬರ್ಬೇಕು, ನೇರ ಕತ್ತರಿಸಿದ್ರೆ ಮೆಟ್ಟಿಲು ಉಳಿದು ಅಲ್ಲೇ ಊಟ ಸಿಕ್ಕಿ ಕೂರುತ್ತೆ. ಹಲ್ಲುಗಳ ಸಂದಿಗೆ ಓರ್ಬನ್ ನೈಫ್ ಅನ್ನೋ ಇನ್ನೊಂದು ಚಾಕು. ತೆಗೆದ ತುಂಡನ್ನ ಬಯಾಪ್ಸಿಗೆ ಕಳಿಸ್ತೀನಿ, ಖರ್ಚು ಯಾಕೆ ಅಂತ ಕೇಳಿದ್ರೂ ಕಳಿಸ್ತೀನಿ.

ಶೇಪ್ ಕೊಡೋದು ನನಗೆ ತುಂಬಾ ಇಷ್ಟದ ಭಾಗ. ಮುಂದಿನ ಎರಡು ದೊಡ್ಡ ಹಲ್ಲುಗಳ ವಸಡಿನ ಕಮಾನು ಇದ್ಯಲ್ಲ, ಅದರ ತುತ್ತತುದಿ ಹಲ್ಲಿನ ಸರಿಮಧ್ಯಕ್ಕೆ ಬರಲ್ಲ, ಒಂಚೂರು ಹೊರಬದಿಯ ಪಕ್ಕದ ಹಲ್ಲಿನ ಕಡೆ ಸರಿದಿರುತ್ತೆ. ಸರಿಮಧ್ಯಕ್ಕೆ ಮಾಡಿದ್ರೆ ಯಾಕೋ ಕಟ್ಟಿಸಿದ ಹಲ್ಲಿನ ಥರ ಕಾಣುತ್ತೆ. ಸಣ್ಣ ಕತ್ತರಿ, ನೀರು ಬಿಟ್ಕೊಂಡು ತಿರುಗೋ ಗುಂಡು ಡ್ರಿಲ್ ತುದಿ (ಬರ್) ಎರಡರಲ್ಲೂ ತೀಡಿ, ನಡುವೆ ಚೇರ್ ಎತ್ತಿ ಕೂರಿಸಿ "ಅಮ್ಮ, ಹಲ್ಲು ತೋರ್ಸಿ" ಅಂತೀನಿ, ಮಲಗಿದಾಗ ಸಮ ಕಂಡಿದ್ದು ಕೂತಾಗ ಓರೆ ಕಾಣುತ್ತೆ.

ಲೇಸರ್ ಯಾಕಿಲ್ಲ ಅಂತ ಎಲ್ಲರೂ ಕೇಳ್ತಾರೆ. ಇದೆ, ರಕ್ತ ಕಮ್ಮಿ ಬರುತ್ತೆ, ಆದ್ರೆ ಇಂಥ ದಪ್ಪ ನಾರಿನ ವಸಡಿಗೆ ಲೇಸರ್ ತುಂಬಾ ನಿಧಾನ, ಮೂಳೆ ಹತ್ರ ಬಿಸಿ ತಾಗೋ ಭಯ ಬೇರೆ. ನನಗೆ ಬ್ಲೇಡೇ ವಾಸಿ.

ಗಾಯದ ಮೇಲೆ ಕೋ-ಪ್ಯಾಕ್ ಅನ್ನೋ ಗಾಯ ಮುಚ್ಚೋ ಪೇಸ್ಟ್ ಮೆತ್ತಿ ಒಂದು ವಾರ ಬಿಡ್ತೀನಿ. ಇದರಲ್ಲಿ ಗಾಯ ತೆರೆದೇ ಇರೋದ್ರಿಂದ ಮರಗಟ್ಟಿದ್ದು ಬಿಟ್ಟ ಮೇಲೆ ಉರಿ ಇದ್ದೇ ಇರುತ್ತೆ, ನೋವೇ ಆಗಲ್ಲ ಅಂತ ಸುಳ್ಳು ಹೇಳಲ್ಲ. ಮೊಸರನ್ನ, ಆರಿಸಿದ ಗಂಜಿ ಸರಿ, ಖಾರದ ಸಾರು, ನಿಪ್ಪಟ್ಟು ಬೇಡ. 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಜೊತೆ ಕಾಫಿನೂ ನಡೀತಿದ್ರೆ ಹಲ್ಲಿಗೆ ಕಂದು ಕಲೆ ಕೂರುತ್ತೆ, ಪಾಲಿಶ್ ಮಾಡಿದ್ರೆ ಹೋಗುತ್ತೆ, ಆದ್ರೂ ಈ ಅಮ್ಮ ಕಾಫಿ ಬಿಡೋದಕ್ಕೆ ಮಾತ್ರೆ ಬದಲಾಯಿಸಿದ್ದಕ್ಕಿಂತ ಜಾಸ್ತಿ ಜಗಳ ಆಡಿದ್ರು.

ಮೇಲ್ಪದರ ಒಂದೆರಡು ವಾರದಲ್ಲಿ ಮುಚ್ಕೊಳ್ಳುತ್ತೆ, ಪೂರ್ತಿ ಮಾಗೋಕೆ ತಿಂಗಳ ಮೇಲೇ ಬೇಕು. ಸಂದಿ ಬ್ರಷ್ ಹಾಕೋದು, ಮೂರು ತಿಂಗಳಿಗೊಮ್ಮೆ ಬಂದು ತೋರಿಸೋದು ತಪ್ಪಿಸೋ ಹಾಗಿಲ್ಲ. ಫೆನಿಟೋಯಿನ್ ಬದಲಾಯಿಸೋಕೆ ಆಗದವರಿಗಂತೂ ಬ್ಲೇಡ್ ಎತ್ತೋ ಮುಂಚೆನೇ ಹೇಳಿಬಿಡ್ತೀನಿ, ಇದು ಮತ್ತೆ ಬೆಳೀಬಹುದು, ಮತ್ತೆ ಮಾಡ್ಬೇಕಾಗಬಹುದು, ಒಪ್ಪಿಗೆ ಇದ್ರೆ ಡೇಟ್ ಹಾಕೋಣ ಅಂತ.