‘ಹೇಗಿತ್ತು?’ ಅಂತ ಕೇಳಬಾರದಿತ್ತು

ಜಪಾನಿನ ಕವಾಸಾಕಿ ಊರಿನಲ್ಲಿ ನಾವಿದ್ದ ಮನೆಯ ಹಾಲ್ ಎಂಟು ತತಾಮಿ ಚಾಪೆಯಷ್ಟು. ಅಲ್ಲಿ ಒಂಬತ್ತು ಜನ ಭುಜಕ್ಕೆ ಭುಜ ತಾಗಿಸಿ ಕೂತು ‘ದಿ ಲಾಸ್ಟ್ ಸಮುರಾಯ್’ ನೋಡಿದೆವು. ನಾಲ್ವರು ಜಪಾನಿಗಳು, ಐವರು ಕನ್ನಡದವರು. ಸಿನಿಮಾ 154 ನಿಮಿಷ. ಮುಗಿದ ಮೇಲೆ ದೀಪ ಹಾಕಿ ನಾನು ಕೇಳಿದ್ದು ಒಂದೇ ಪ್ರಶ್ನೆ. “ಹೇಗಿತ್ತು?”

“ಒಮೊಶಿರೊಕತ್ತಾ ದೆಸು” ಅಂದರು ನಾಲ್ವರೂ. ಚೆನ್ನಾಗಿತ್ತು ಅಂತ ಅರ್ಥ. ಅಷ್ಟೇ. ಆಮೇಲೆ ಚಪ್ಪಲಿ ಹಾಕಿಕೊಂಡು, ಎರಡೆರಡು ಸಲ ಬಗ್ಗಿ ನಮಸ್ಕಾರ ಮಾಡಿ ಹೊರಟರು. ಉಳಿದವರು ನಾವು ನಾವೇ ರಾತ್ರಿ ಹನ್ನೊಂದರವರೆಗೆ ಜಗಳ ಆಡಿದೆವು.

ತಿಂಗಳಿಗೊಂದು ಸಿನಿಮಾ ತೋರಿಸುವ ಅಭ್ಯಾಸ ಇಟ್ಟುಕೊಂಡಿದ್ದೆ. ಒಂದು ತಿಂಗಳು ನಮ್ಮ ಕಡೆಯದು, ಮುಂದಿನ ತಿಂಗಳು ಅವರ ಕಡೆಯದು. ಈ ಸಿನಿಮಾ ಎರಡೂ ಅಲ್ಲ. 2003ರ ಹಾಲಿವುಡ್ ಸಿನಿಮಾ, ನಿರ್ದೇಶಕ ಎಡ್ವರ್ಡ್ ಝ್ವಿಕ್, ನಾಯಕ ಟಾಮ್ ಕ್ರೂಸ್, ಕಥೆ 1876-77ರ ಜಪಾನಿನದು. ಕ್ರೂಸ್ ಮಾಡಿರುವ ಆಲ್‌ಗ್ರೆನ್ ಅನ್ನುವ ಅಮೆರಿಕದ ಸೈನಿಕ, ಸರ್ಕಾರದ ವಿರುದ್ಧ ಎದ್ದ ಸಮುರಾಯ್‌ಗಳಿಗೆ ಸೆರೆ ಸಿಕ್ಕಿ, ಕೊನೆಗೆ ಅವರ ನಾಯಕ ಕತ್ಸುಮೊತೊನ ಕಡೆಯವನೇ ಆಗುತ್ತಾನೆ. ತಮ್ಮ ದೇಶದ ಕಥೆಯನ್ನು ಹೊರಗಿನವರು ಹೇಳಿದಾಗ ಇಲ್ಲಿಯವರಿಗೆ ಏನನಿಸುತ್ತೆ ಅಂತ ತಿಳಿಯಬೇಕಿತ್ತು. ಅದಕ್ಕೇ ಇದನ್ನು ಆರಿಸಿದ್ದು. ತಿಳಿದದ್ದು ಮಾತ್ರ ಸೊನ್ನೆ.

ತಪ್ಪು ನನ್ನದೇ ಅಂತ ಮರುದಿನ ಹೆಂಡತಿ ಹೇಳಿದಳು. ಸಿನಿಮಾಕ್ಕೆ ಮುಂಚೆ ನಾನು ಹದಿನೈದು ನಿಮಿಷ ಭಾಷಣ ಮಾಡಿದ್ದೆ. ಕತ್ಸುಮೊತೊ ಪಾತ್ರಕ್ಕೆ ಮೂಲವಾದ ಸೈಗೊ ತಕಮೊರಿ ಯಾರು, 1877ರಲ್ಲಿ ಅವನು ಮುಂದೆ ನಿಂತು ಸರ್ಕಾರದ ವಿರುದ್ಧ ನಡೆಸಿದ ಸತ್ಸುಮಾ (ಈಗಿನ ಕಾಗೊಶಿಮಾ ಸೀಮೆ) ದಂಗೆ ಏನು, ಬಿಳಿಯನೊಬ್ಬ ಬಂದು ಎಲ್ಲರಿಗಿಂತ ಚೆನ್ನಾಗಿ ಕತ್ತಿ ಹಿಡಿಯುವುದು ಎಷ್ಟು ಹಳೇ ಚಾಳಿ, ಎಲ್ಲ. ಆತಿಥ್ಯ ಮಾಡಿದವನೇ ತೀರ್ಪು ಕೊಟ್ಟ ಮೇಲೆ ಬಂದವರು ಇನ್ನೇನು ಹೇಳುತ್ತಾರೆ? ಮದುವೆ ಮನೆಯಲ್ಲಿ ಹುಡುಗಿಯ ಅಪ್ಪ ಬಂದು “ಊಟ ಹೇಗಿತ್ತು?” ಅಂತ ಕೇಳಿದರೆ ಸಾರಿಗೆ ಉಪ್ಪು ಕಮ್ಮಿ ಅಂತ ಯಾರಾದರೂ ಅನ್ನುತ್ತಾರಾ?

ಜೊತೆಗೆ ಇನ್ನೊಂದು ಎಡವಟ್ಟು. ನಾನು ಜಪಾನೀ ಸಬ್‌ಟೈಟಲ್ ಹಾಕಿದ್ದೆ. ಇಂಗ್ಲಿಷ್ ಮಾತಿಗೆ ಕೆಳಗೆ ಅಕ್ಷರ ಬರುತ್ತಿತ್ತು. ಪಾತ್ರಗಳು ಜಪಾನಿಯಲ್ಲಿ ಮಾತಾಡಿದಾಗ ಏನೂ ಇಲ್ಲ. ಅರ್ಧ ಸಿನಿಮಾ ನಮ್ಮವರ ಕಿವಿಯಲ್ಲಿ ನಾನೇ ಪಿಸುಗುಟ್ಟಿದೆ, ಅದೂ ಅರ್ಧಂಬರ್ಧ.

ಎರಡು ತಿಂಗಳು ಬಿಟ್ಟು ಅದೇ ಸಿನಿಮಾ ಮತ್ತೆ ಹಾಕಿದೆ. ಕೆಲವರು ಹಳಬರು, ಕೆಲವರು ಹೊಸಬರು. ಈ ಸಲ ಭಾಷಣ ಇಲ್ಲ. ಪ್ರತಿಯೊಬ್ಬರಿಗೂ ಮೂರು ಚೀಟಿ, ಒಂದು ಪೆನ್ಸಿಲ್. ಹೆಸರು ಬರೆಯುವ ಹಾಗಿಲ್ಲ. ಕೇಳಿದ್ದು ಇಷ್ಟೇ: ರಿಮೋಟ್ ನಿಮ್ಮ ಕೈಯಲ್ಲಿದ್ದರೆ ಎಲ್ಲಿ ನಿಲ್ಲಿಸುತ್ತಿದ್ದಿರಿ? ನಗು ಬಂದಿದ್ದಕ್ಕೋ, ಸಿಟ್ಟು ಬಂದಿದ್ದಕ್ಕೋ, ಇನ್ನೊಮ್ಮೆ ನೋಡಬೇಕು ಅನಿಸಿದ್ದಕ್ಕೋ, ಯಾವುದಾದರೂ ಸರಿ. ಚೆನ್ನಾಗಿದೆಯೋ ಇಲ್ಲವೋ ಅನ್ನುವ ಮಾತೇ ಬೇಡ. ಸಿನಿಮಾ ಮುಗಿದ ಮೇಲೆ ಮೊದಲು ಚಿತ್ರಾನ್ನ, ಆಮೇಲೆ ಚೀಟಿ. ಹೊಟ್ಟೆ ತುಂಬಿದವರು ಜಾಸ್ತಿ ಮಾತಾಡುತ್ತಾರೆ, ಇದು ಎಲ್ಲ ದೇಶಕ್ಕೂ ಒಂದೇ.

ಚೀಟಿಗಳನ್ನು ಹೆಂಡತಿ ಓದಿದಳು. ಜಪಾನಿಯ ಕಾಂಜಿ ಅಕ್ಷರ ಓದುವುದರಲ್ಲಿ ಅವಳು ನನಗಿಂತ ಮುಂದೆ.

ಜಪಾನಿಗಳ ಚೀಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ನಿಂಜಾ ದೃಶ್ಯ. ರಾತ್ರಿ ಹಳ್ಳಿಯಲ್ಲಿ ನಾಟಕ ನಡೆಯುತ್ತಿರುವಾಗ ಕಪ್ಪು ಬಟ್ಟೆಯವರು ಸೂರಿನ ಮೇಲಿಂದ ಇಳಿದು ಬರುತ್ತಾರಲ್ಲ, ಅದು. ರೈಲು, ತಂತಿ, ಫಿರಂಗಿ ಎಲ್ಲ ಬಂದಿದ್ದ ಕಾಲದಲ್ಲಿ ನಿಂಜಾ! “ಇಲ್ಲಿ ನಕ್ಕೆ, ಕ್ಷಮಿಸಿ” ಅಂತ ಒಬ್ಬರು ಬರೆದಿದ್ದರು. ಕ್ಷಮೆ ಯಾಕೋ ಗೊತ್ತಾಗಲಿಲ್ಲ, ಸಿನಿಮಾ ನಾನು ತೆಗೆದಿದ್ದಲ್ಲವಲ್ಲ.

ಇನ್ನೊಂದು ಚೀಟಿಯಲ್ಲಿ ಒಂದೇ ಪದ: ಶಿದಾ. ಅಂದರೆ ಜರೀಗಿಡ. ಕಾಡಿನ ದೃಶ್ಯಗಳಲ್ಲಿ ಹಿಂದೆ ಮರದೆತ್ತರದ ಜರೀಗಿಡಗಳು ಕಾಣುತ್ತವೆ. ಟೋಕಿಯೊ ಸುತ್ತಲಿನ ಬೆಟ್ಟಗಳಲ್ಲಿ ಅವು ಇಲ್ಲ. ಸಿನಿಮಾದ ಹೆಚ್ಚಿನ ಭಾಗ ತೆಗೆದದ್ದು ನ್ಯೂಜಿಲೆಂಡಿನ ತರನಾಕಿಯಲ್ಲಿ. ಅಲ್ಲಿಯ ಬೆಟ್ಟ ಫುಜಿಯ ಹಾಗೇ ಕಾಣುತ್ತೆ ಅಂತ. ಬೆಟ್ಟ ಮೋಸ ಮಾಡಿತು, ಗಿಡ ಸಿಕ್ಕಿಬಿತ್ತು. ಜಪಾನಿನಲ್ಲೇ ತೆಗೆದದ್ದೂ ಇದೆ. ಕತ್ಸುಮೊತೊನ ಮನೆಯಾಗಿ ತೋರಿಸುವುದು ಹಿಮೆಜಿ ಹತ್ತಿರದ ಎಂಗ್ಯೊಜಿ ದೇವಸ್ಥಾನ. ಅದನ್ನು ಗುರುತಿಸಿದವರು ಮಾತ್ರ ಒಬ್ಬರೂ ಇಲ್ಲ!

ಮೂರನೆಯದು ಹೆಂಗಸರ ಚೀಟಿಗಳು ಅಂತ ಆಮೇಲೆ ಗೊತ್ತಾಯಿತು. ಒಂದು ಜಪಾನಿಯಲ್ಲಿತ್ತು, ಒಂದು ಕನ್ನಡದಲ್ಲಿ. ಎರಡೂ ನಿಲ್ಲಿಸಿದ್ದು ಒಂದೇ ಜಾಗದಲ್ಲಿ. ಕೊಯುಕಿ ಮಾಡಿರುವ ತಾಕಾ ಅನ್ನುವ ವಿಧವೆ, ತನ್ನ ಗಂಡನನ್ನು ಕೊಂದವನಿಗೆ ಗಂಡನದೇ ಕವಚ ತೊಡಿಸುವ ದೃಶ್ಯ. ಕನ್ನಡದ ಚೀಟಿ ಹೇಳಿದ್ದು: “ಇವಳನ್ನು ಯಾರಾದರೂ ಒಂದು ಮಾತು ಕೇಳಿದ್ದರಾ?” ಜಪಾನಿ ಚೀಟಿ ಹೇಳಿದ್ದೂ ಹೆಚ್ಚು ಕಮ್ಮಿ ಅದೇ. ಆದರೆ ಅದರಲ್ಲಿ ಇನ್ನೊಂದು ಸಾಲಿತ್ತು: “ಆ ದೃಶ್ಯದಲ್ಲಿ ಇಬ್ಬರೂ ಮಾತಾಡದೆ ಇದ್ದದ್ದು ಮಾತ್ರ ನಿಜ ಅನಿಸಿತು.” ಇಬ್ಬರೂ ಅಡುಗೆಮನೆಗೆ ಹೋಗಿ ಅರ್ಧ ಗಂಟೆ ಇದನ್ನೇ ಮಾತಾಡಿದರು. ನನ್ನನ್ನು ಒಳಗೆ ಬಿಡಲಿಲ್ಲ.

ಬಿಳಿಯ ನಾಯಕನ ವಿಷಯ ಎತ್ತಿದ್ದು ನಮ್ಮವರೇ. ನಮ್ಮ ಗುಂಪಿನ ಚಿಕ್ಕ ಹುಡುಗಿಗೆ ಅದೇ ದೊಡ್ಡ ಸಿಟ್ಟು. ಅದಕ್ಕೆ ಉತ್ತರ ಕೊಟ್ಟದ್ದು ನನ್ನ ಆಫೀಸಿನ ಹಿರಿಯರೊಬ್ಬರು, ತುಂಬ ಮೆತ್ತಗೆ: “ನಾನು ನೋಡಿದ ಸಿನಿಮಾದಲ್ಲಿ ನಾಯಕ ವತನಾಬೆ-ಸಾನ್.” ಅವರ ವಯಸ್ಸಿನವರಿಗೆ ಕೆನ್ ವತನಾಬೆ ಅಂದರೆ 1987ರ ಎನ್‌ಎಚ್‌ಕೆ ಟಿವಿ ಧಾರಾವಾಹಿಯ ಹಳೇ ಕಾಲದ ವೀರ ದಾತೆ ಮಸಾಮುನೆ. ಭಾನುವಾರ ರಾತ್ರಿ ಇಡೀ ಮನೆ ಕೂತು ನೋಡುತ್ತಿದ್ದ ಮುಖ ಅದು. ಟಾಮ್ ಕ್ರೂಸ್ ಅವರ ಪಾಲಿಗೆ ಅತಿಥಿ. ಈ ಸಿನಿಮಾದ ಕತ್ಸುಮೊತೊ ಪಾತ್ರಕ್ಕೆ ಆಸ್ಕರ್‌ಗೆ ಪೋಷಕ ನಟ ಅಂತ ಹೆಸರು ಸೂಚಿತವಾದದ್ದೂ ವತನಾಬೆಯದೇ. ಇನ್ನೊಂದು ಲೆಕ್ಕ ನೋಡಿ. ಈ ಸಿನಿಮಾ ಜಪಾನಿನಲ್ಲಿ ಗಳಿಸಿದ್ದು ಸುಮಾರು 1,370 ಕೋಟಿ ಯೆನ್. ಅಮೆರಿಕದ ಗಳಿಕೆಗಿಂತ ಜಾಸ್ತಿ. ಅವರಿಗೆ ಅವಮಾನ ಆಗಿರಬೇಕು ಅಂತ ಅವರ ಪರವಾಗಿ ನಾನೇ ಸಿಟ್ಟು ಮಾಡಿಕೊಂಡಿದ್ದೆ. ನನ್ನನ್ನು ಯಾರೂ ವಕೀಲನಾಗಿ ನೇಮಿಸಿರಲಿಲ್ಲ.

ಜಪಾನೀ ಕತ್ತಿವರಸೆ ಕೆಂಡೊ ಕಲಿಯುವ ಸಹೋದ್ಯೋಗಿಯ ತಕರಾರು ಬೇರೆ. ಒಂದು ಚಳಿಗಾಲ ಕಳೆಯುವುದರೊಳಗೆ ಆಲ್‌ಗ್ರೆನ್ ಕತ್ತಿ ಕಲಿತುಬಿಡುತ್ತಾನೆ. “ನನಗೆ ಹದಿನಾಲ್ಕು ವರ್ಷ ಆಯಿತು, ಇನ್ನೂ ಪಾದ ಇಡುವುದು ಸರಿಯಾಗಿಲ್ಲ,” ಅಂದ. ಆದರೂ ಮಳೆಯಲ್ಲಿ ಏಟು ತಿಂದು ತಿಂದು ಮತ್ತೆ ಏಳುವ ದೃಶ್ಯಕ್ಕೆ ಅವನ ಚೀಟಿಯಲ್ಲಿ ಎರಡು ಸುತ್ತು ಹಾಕಿದ್ದ.

ನಮ್ಮ ಕಡೆಯ ಚೀಟಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಗಲಕೋಟೆಯ ಗೆಳೆಯನದು. ಟೋಕಿಯೊ ಬೀದಿಯಲ್ಲಿ ಸೈನಿಕರು ಕತ್ಸುಮೊತೊನ ಮಗನನ್ನು ತಡೆದು, ಕತ್ತಿ ಕಿತ್ತುಕೊಂಡು, ಜುಟ್ಟು ಕತ್ತರಿಸುತ್ತಾರೆ. ಅಲ್ಲಿ ಅವನು ಬರೆದದ್ದು ಒಂದೇ ಪದ: ಹಲಗಲಿ. “ಇದು ನಮ್ಮ ಬ್ಯಾಡರ ಕತಿನ ಐತಲ್ರೀ, ಹತಾರ ಕಸಗೊಳ್ಳೂದು,” ಅಂದ. ನಾವು ಶಾಲೆಯಲ್ಲಿ ಓದಿದ ಲಾವಣಿ ಅದು. 1857ರಲ್ಲಿ ಆಯುಧ ಒಪ್ಪಿಸಿ ಅಂದ ಕುಂಪಣಿ ಸರ್ಕಾರಕ್ಕೆ ಹಲಗಲಿಯ ಬೇಡರು ಇಲ್ಲ ಅಂದರು, ಊರೇ ಸುಟ್ಟುಹೋಯಿತು. ಇದನ್ನು ಜಪಾನಿಗಳಿಗೆ ಹೇಳಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ‘ಹತಾರ’ ಅನ್ನುವ ಪದದ ಬಿಸಿಯನ್ನು ಜಪಾನಿಯಲ್ಲಿ ಹೇಗೆ ಹೇಳೋದು? ಆಯುಧ ಅಂತ ಅಷ್ಟೇ ಹೇಳಿದೆ.

ಹಿರಿಯರು ಗಮನವಿಟ್ಟು ಕೇಳಿ, ಒಂದು ತಿದ್ದುಪಡಿ ಹೇಳಿದರು. ಕತ್ತಿ ಕಟ್ಟಬಾರದು ಅನ್ನುವ ಆಜ್ಞೆ 1876ರದು, ನಿಜ. ಜುಟ್ಟಿನ ಕಥೆ ಹಾಗಲ್ಲ. 1871ರ ಆಜ್ಞೆ ಜುಟ್ಟು ತೆಗೆಸಬಹುದು ಅಂದಿತ್ತೇ ಹೊರತು ತೆಗೆಸಲೇಬೇಕು ಅಂದಿರಲಿಲ್ಲ. ಮತ್ತೆ, ಆಜ್ಞೆ ಹೊರಡಿಸಿದವರು ಹೊರಗಿನ ಕುಂಪಣಿಯವರಲ್ಲ, ಅವರೂ ಸಮುರಾಯ್ ಮನೆತನದವರೇ. “ಅದೇ ನಮಗೆ ನೋವು,” ಅಂದರು. ಬಾಗಲಕೋಟೆಯವನು ಸುಮ್ಮನಾದ.

ಆವತ್ತು ಕೊನೆಯ ಚೀಟಿ ಕಾಗೊಶಿಮಾದ ಒಬ್ಬ ಯುವಕನದು. ಅದೇ ಸೈಗೊ ಹುಟ್ಟಿದ ಊರು. ಅವನು ಯಾವ ದೃಶ್ಯವನ್ನೂ ಬರೆದಿರಲಿಲ್ಲ. “ಸೈಗೊ-ಸಾನ್ ಬಂದೂಕನ್ನು ಕೈಬಿಟ್ಟಿರಲಿಲ್ಲ” ಅಂತ ಅಷ್ಟೇ.

ಆ ಒಂದು ಸಾಲಿಗಾಗಿ ನಾನು ಮುಂದಿನ ರಜೆಯಲ್ಲಿ ಕಾಗೊಶಿಮಾಕ್ಕೆ ಹೋದೆ. ಹೆಂಡತಿ ಬಿಸಿನೀರಿನ ಬುಗ್ಗೆಗೆ ಅಂದುಕೊಂಡಿದ್ದಳು. ಸೈಗೊ ಕಟ್ಟಿಸಿದ ಶಾಲೆಯ ಕಲ್ಲಿನ ಗೋಡೆ ಅಲ್ಲಿ ಇನ್ನೂ ಇದೆ. ಗೋಡೆ ತುಂಬ ಗುಂಡಿನ ಗುಳಿಗಳು. ಬೆರಳು ಇಟ್ಟರೆ ಒಳಗೆ ಹೋಗುತ್ತೆ. ಹಿಂದೆ ಶಿರೊಯಾಮಾ ಗುಡ್ಡ, ಎದುರಿಗೆ ಸಮುದ್ರದಾಚೆ ಹೊಗೆ ಬಿಡುವ ಸಕುರಾಜಿಮಾ. 1877ರ ಸೆಪ್ಟೆಂಬರ್ 24ರ ಬೆಳಗ್ಗೆ ಈ ಗುಡ್ಡದಲ್ಲಿ ಉಳಿದಿದ್ದವರು ಐನೂರು ಜನರೂ ಇರಲಿಲ್ಲ. ಸುತ್ತ ಸರ್ಕಾರದ ಸೈನ್ಯ ಹತ್ತಾರು ಸಾವಿರ. ಸೊಂಟಕ್ಕೆ ಗುಂಡು ಬಿದ್ದ ಸೈಗೊನ ತಲೆಯನ್ನು ಅವನ ಕಡೆಯವನೇ ಕಡಿದ. ಸಿನಿಮಾದಲ್ಲಿ ಕತ್ಸುಮೊತೊ ಸಾಯುವಾಗ ಚೆರ್ರಿ ಹೂ ಉದುರುತ್ತೆ. ಸೆಪ್ಟೆಂಬರಿನಲ್ಲಿ ಎಲ್ಲಿಯ ಚೆರ್ರಿ ಹೂ?

ಗುಂಡಿನ ವಿಷಯಕ್ಕೆ ಬರುತ್ತೇನೆ. ಸತ್ಸುಮಾದವರ ಹತ್ತಿರ ಬಂದೂಕೂ ಇತ್ತು, ಫಿರಂಗಿಯೂ ಇತ್ತು. ಜಪಾನಿಗೆ ಬಂದೂಕು ಬಂದದ್ದೇ 1543ರಲ್ಲಿ, ಅದೂ ಕಾಗೊಶಿಮಾದ ದಕ್ಷಿಣಕ್ಕಿರುವ ತಾನೆಗಾಶಿಮಾ ದ್ವೀಪಕ್ಕೆ. ದಂಗೆ ಕಿಡಿ ಹೊತ್ತಿದ್ದೂ ಸರ್ಕಾರದ ಮದ್ದುಗುಂಡಿನ ಉಗ್ರಾಣಕ್ಕೆ ಹುಡುಗರು ನುಗ್ಗಿದ್ದರಿಂದ. ತಬಾರುಝಾಕಾದ ಕಾಳಗದಲ್ಲಿ ಮಳೆ ಅವರನ್ನು ಕೆಡಿಸಿತು. ಬಾಯಿಯಿಂದ ಮದ್ದು ತುಂಬುವ ಹಳೇ ಬಂದೂಕುಗಳು ಒದ್ದೆಯಾದವು. ಗುಂಡು ಸಾಲದೆ ಕತ್ತಿ ಹಿರಿದು ನುಗ್ಗಿದರು. ಆಗ ಸರ್ಕಾರ ಏನು ಮಾಡಿತು ಗೊತ್ತಾ? ತನ್ನ ಪೊಲೀಸರಲ್ಲಿ ಕತ್ತಿ ಬಲ್ಲವರನ್ನು ಆರಿಸಿ ಒಂದು ಪಡೆ ಕಟ್ಟಿ ಎದುರಿಗೆ ಬಿಟ್ಟಿತು. ಅವರೂ ಹಳೇ ಸಮುರಾಯ್‌ಗಳೇ. ಸಿನಿಮಾ ಹೇಳುವ ‘ಈ ಕಡೆ ಕತ್ತಿ, ಆ ಕಡೆ ಬಂದೂಕು’ ಅನ್ನುವ ಗೆರೆ ಅಲ್ಲಿ ಇರಲೇ ಇಲ್ಲ.

ಬಂದೂಕು ಬೇಡ ಅಂದು ಬರೀ ಕತ್ತಿ ಈಟಿ ಹಿಡಿದವರು ಬೇರೆ ಇದ್ದರು. 1876ರಲ್ಲಿ ಕುಮಾಮೊತೊದ ಶಿಂಪುರೆನ್ ಗುಂಪಿನವರು. ಅವರದು ಹೆಚ್ಚು ಕಮ್ಮಿ ಒಂದು ರಾತ್ರಿಯಲ್ಲಿ ಮುಗಿಯಿತು. ಆಲ್‌ಗ್ರೆನ್‌ನ ಮೂಲವೂ ಅಮೆರಿಕದವನಲ್ಲ. ಜೂಲ್ ಬ್ರುನೆ ಅನ್ನುವ ಫ್ರೆಂಚ್ ಅಧಿಕಾರಿಯ ಛಾಯೆ ಅದು. ಆಗ ದೇಶ ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ಸೈನ್ಯಕ್ಕೆ ಕಲಿಸಲು ಬಂದವನು ಸೋತ ಪಕ್ಷದ ಜೊತೆಗೇ ಹಕೊದಾತೆವರೆಗೆ ಹೋದ. ಅದು 1868-69ರ ಮಾತು. ಮೂರು ಕಥೆ ತಂದು ಒಂದೇ ದಾರಕ್ಕೆ ಪೋಣಿಸಿದ್ದಾರೆ. ಪೋಣಿಸಲಿ, ಸಿನಿಮಾದವರು ಮಾಡುವುದೇ ಅದು. ಆದರೆ ಕಾಗೊಶಿಮಾದ ಹುಡುಗನಿಗೆ ಕೊನೆಯಲ್ಲಿ ಕತ್ಸುಮೊತೊ ಯಾಕೋ ಭೋಳೇ ಸ್ವಭಾವದವನಂತೆ ಕಂಡ. ಫಿರಂಗಿಯ ಎದುರು ಕುದುರೆ ಓಡಿಸುವಷ್ಟು ದಡ್ಡ ಅಲ್ಲ ನಮ್ಮ ಸೈಗೊ-ಸಾನ್, ಅನ್ನುವುದು ಅವನ ಒಂದು ಸಾಲಿನ ಅರ್ಥ. ಕಾಗೊಶಿಮಾದವರ ಪಾಲಿಗೆ ಸೈಗೊ ಊರಿನ ಹಿರಿಯ. ಅವನ ಪಕ್ಕ ಮಲಗಿರುವವರ ಸಮಾಧಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ. ಕೆಲವರು ಇನ್ನೂ ಹುಡುಗರು.

ಹೆಸರಿನ ಬಗ್ಗೆಯೂ ಒಂದು ಮಾತು. ಕನ್ನಡಕ್ಕೆ ಇದನ್ನು ಹೇಗೆ ಹೇಳೋದು ಅಂತ ನಮ್ಮಲ್ಲಿ ಜಗಳ ಬಿತ್ತು. ಕೊನೆಯ ಸಮುರಾಯಿಯೋ, ಕೊನೆಯ ಸಮುರಾಯಿಗಳೋ? ಜಪಾನಿಯಲ್ಲಿ ಒಬ್ಬನಿಗೂ ನೂರು ಜನಕ್ಕೂ ಒಂದೇ ಪದ. ಇಂಗ್ಲಿಷಿನಲ್ಲೂ ಹಾಗೇ ಬಿಟ್ಟಿದ್ದಾರೆ. ಕನ್ನಡ ಮಾತ್ರ ‘ಎಷ್ಟು ಜನ?’ ಅಂತ ಕೇಳಿಯೇ ಕೇಳುತ್ತೆ. ನಾನು ಬಹುವಚನದ ಪಕ್ಷ. ಆ ಒಬ್ಬ ಟಾಮ್ ಕ್ರೂಸ್ ಅಂತ ವಾದಿಸಿದವರಿಗೆ ಚಿತ್ರಾನ್ನ ಎರಡನೇ ಸಲ ಬಡಿಸಲಿಲ್ಲ.

ಕೆಳಗಿನ ಮನೆಯ ಅಜ್ಜನನ್ನು ಬಿಟ್ಟುಬಿಟ್ಟೆ. ಅವರ ಮೂರೂ ಚೀಟಿಯಲ್ಲಿ ಒಂದೇ ವಿಷಯ ಇತ್ತು. ಆಲ್‌ಗ್ರೆನ್‌ನ ಹಿಂದೆ ನೆರಳಿನ ಹಾಗೆ ನಡೆಯುವ, ಮಾತೇ ಆಡದ ಆ ಮುದಿ ಸಮುರಾಯ್. ಆಲ್‌ಗ್ರೆನ್ ಅವನನ್ನು ಬಾಬ್ ಅಂತ ಕರೆಯುತ್ತಾನೆ. ಆ ಪಾತ್ರ ಮಾಡಿದ್ದು ಸೆಯ್ಜೊ ಫುಕುಮೊತೊ. ಜಪಾನೀ ಟಿವಿಯ ಕತ್ತಿವರಸೆ ಕಥೆಗಳಲ್ಲಿ ನಾಯಕನ ಕೈಯಲ್ಲಿ ಸಾಯುವುದೇ ಅವರ ಕಸುಬು. ಸಾವಿರಾರು ಸಲ ಸತ್ತಿದ್ದಾರೆ. ಹೆಸರು ಯಾರಿಗೂ ಗೊತ್ತಿರಲಿಲ್ಲ, ಬೀಳುವ ರೀತಿ ಎಲ್ಲರಿಗೂ ಗೊತ್ತು. ಈ ಸಿನಿಮಾದಲ್ಲಿ ಅವರಿಗೆ ಒಂದೇ ಒಂದು ಮಾತು. “ಆಲ್‌ಗ್ರೆನ್-ಸಾನ್!” ಅಂತ ಕೂಗಿ ಗುಂಡಿಗೆ ಅಡ್ಡ ಬರುತ್ತಾರೆ.

ಎಲ್ಲರೂ ಹೋದ ಮೇಲೆ ಅಜ್ಜ ಆ ಭಾಗವನ್ನು ಮತ್ತೆ ಹಾಕಿ ಅಂದರು. ಮೂರು ಸಲ ಹಾಕಿದೆ. ಆಮೇಲೆ ಎದ್ದು ನಿಂತು, ಸೊಂಟ ಹಿಡಿದುಕೊಂಡೇ, ಸೀಗಡಿಯ ಹಾಗೆ ಹಿಂದಕ್ಕೆ ಬಾಗಿ ತೋರಿಸಿದರು. “ಟಿವಿಯಲ್ಲಿ ಹೀಗೆ ಸಾಯುತ್ತಿದ್ದರು,” ಅಂದರು. ಬೀಳದಂತೆ ನಾನು ಬೆನ್ನಿಗೆ ಕೈ ಕೊಟ್ಟೆ.

2021ರ ಜನವರಿ. ಕೊರೊನಾ ಕಾಲ, ಸಿನಿಮಾ ಕೂಟ ನಿಂತುಹೋಗಿತ್ತು. ಒಂದು ಬೆಳಗ್ಗೆ ನಮ್ಮ ಅಂಚೆ ಪೆಟ್ಟಿಗೆಯಲ್ಲಿ ಪೇಪರಿನ ಒಂದು ತುಂಡು ಇತ್ತು, ನೀಟಾಗಿ ಕತ್ತರಿಸಿದ್ದು. ಫುಕುಮೊತೊ ಹೊಸ ವರ್ಷದ ದಿನ ತೀರಿಕೊಂಡ ಸುದ್ದಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಜ್ಜ ಬರೆದಿದ್ದರು: “ಇಲ್ಲಿ ನಿಲ್ಲಿಸುತ್ತೇನೆ.”