ಜಗಲಿಯಲ್ಲಿ ಮಲಗುವವರಿಗೆ ಮದ್ದು ಕೊಡುವಾಗ

ಕೇರಳದಲ್ಲಿ 2008ರಲ್ಲೇ ಪಾಲಿಯೇಟಿವ್ ನೀತಿ ಬಂತು, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಯ ನೀತಿ. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗಿ ಡ್ರೆಸ್ಸಿಂಗ್ ಮಾಡುತ್ತಾರೆ, ಟ್ಯೂಬ್ ಬದಲಿಸುತ್ತಾರೆ. ನಾನೂ ಕಾಸರಗೋಡಿನಲ್ಲಿ ಅದೇ ಕೆಲಸದಲ್ಲಿ ಪಳಗಿದವಳು. ಒಳ್ಳೆಯ ವ್ಯವಸ್ಥೆ, ಎರಡು ಮಾತಿಲ್ಲ. ಆದರೆ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ವಾರ್ಡು, ಮನೆ ನಂಬ್ರ ಬೇಕಲ್ವಾ? ಹಳೆ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಜಗಲಿಯಲ್ಲೋ ರೈಲ್ವೇ ಸ್ಟೇಷನ್ ಹೊರಗೋ ಮಲಗುವವರು ಅದನ್ನು ಎಲ್ಲಿಂದ ತರಬೇಕು? ಹಾಗಾಗಿ ಡ್ಯೂಟಿ ಮುಗಿದ ಮೇಲೆ ಅದೇ ಬ್ಯಾಗ್ ಹಿಡಿದು ಆ ಕಡೆ ಹೋಗಲು ಶುರುಮಾಡಿದೆ. ಜೊತೆಗೆ ಒಬ್ಬರು ಡಾಕ್ಟರ್, ಒಬ್ಬರು ರಿಕ್ಷಾದವರು.

ಈ ಮೂವರಲ್ಲಿ ರಿಕ್ಷಾದವರೇ ಮುಖ್ಯ. ಯಾರು ಎಲ್ಲಿ ಮಲಗುತ್ತಾರೆ, ಯಾರಿಗೆ ಫಿಟ್ಸ್ ಬರುತ್ತದೆ, ಯಾರು ಕುಡಿದಾಗ ಬೈಯುತ್ತಾರೆ, ಎಲ್ಲ ಅವರಿಗೆ ಗೊತ್ತು. ಹೊಸ ಮುಖ ಕಂಡರೆ ಜಗಲಿಯವರು ಎದ್ದು ಹೋಗುತ್ತಾರೆ. ಪೊಲೀಸರೋ, ವ್ಯಾನ್ ಹತ್ತಿಸಿ ಎಲ್ಲೋ ಬಿಟ್ಟು ಬರುವವರೋ ಅಂತ ಭಯ. ರಿಕ್ಷಾದವರ ಜೊತೆ ಹೋಗಿ, ಚಾ ಕೊಟ್ಟು, ಬಿಪಿ ಮೆಷಿನ್ ಬ್ಯಾಗಿನಿಂದ ತೆಗೆಯದೆ ಸುಮ್ನೆ ಬಂದ ದಿನಗಳೂ ಇವೆ.

ಕೆಲಸ ಶುರುಮಾಡುವುದು ಕಾಲಿನಿಂದ. ಇದು ನನ್ನ ಯೋಚನೆಯಲ್ಲ. 1985ರಲ್ಲಿ ಬಾಸ್ಟನ್ನಿನಲ್ಲಿ ಜಿಮ್ ಓಕಾನೆಲ್ ಎಂಬ ಎಳೆಯ ಡಾಕ್ಟರ್ ಮನೆಯಿಲ್ಲದವರ ಕ್ಲಿನಿಕ್ಕಿಗೆ ಬಂದಾಗ, ಬಾರ್ಬರಾ ಮೆಕ್‌ಇನ್ನಿಸ್ ಎಂಬ ನರ್ಸ್ ಅವರ ಸ್ಟೆತಸ್ಕೋಪ್ ಬದಿಗಿಡಿಸಿ, ಬಂದವರ ಕಾಲು ನೀರಿನಲ್ಲಿ ನೆನೆಸುವ ಕೆಲಸ ಹಚ್ಚಿದರಂತೆ. ನಮ್ಮ ಡಾಕ್ಟರಿಗೆ ಈ ಕತೆ ಹೇಳಿದಾಗ ನಕ್ಕರು. ಈಗ ಬಕೆಟ್ ಹಿಡಿಯುವವರು ಅವರೇ. ಜೂನ್, ಜುಲೈಯಲ್ಲಿ ಇಲ್ಲಿ ಹಗಲೂ ರಾತ್ರಿ ಮಳೆ. ಒದ್ದೆ ಚಪ್ಪಲಿಯಲ್ಲೇ ಇದ್ದು ಪಾದ ಬೆಳ್ಳಗೆ ಊದಿರುತ್ತದೆ, ಬೆರಳಸಂದಿ ಒಡೆದಿರುತ್ತದೆ. ಚಾ ಅಂಗಡಿಯಿಂದ ಉಗುರುಬೆಚ್ಚಗಿನ ನೀರು ತಂದು ಕಾಲು ಇಡಿಸಿ, ನಾವು ನೆಲದಲ್ಲಿ ಕೂರುತ್ತೇವೆ. ಹೆಸರು ಸಹ ಹೇಳದವರು ಆಗ ಊರು, ಮಕ್ಕಳು, ಬಿಟ್ಟುಬಂದ ಹೆಂಡತಿ ಎಲ್ಲ ಹೇಳಿಬಿಡುತ್ತಾರೆ.

ಬಾಗಲಕೋಟೆ ಕಡೆಯ ಒಬ್ಬರು ಅಜ್ಜ ಇದ್ದರು. ರಸ್ತೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಯಾರೇನು ಕೇಳಿದರೂ ಉತ್ತರ ಇಲ್ಲ, ಹಾಗಾಗಿ ತಲೆ ಸರಿ ಇಲ್ಲ ಅಂತ ಎಲ್ಲರ ತೀರ್ಮಾನ. ಕೇಳುತ್ತಿದ್ದುದೆಲ್ಲ ಮಲಯಾಳದಲ್ಲಿ! ನಾನು ಕನ್ನಡದಲ್ಲಿ ಮಾತಾಡಿಸಿದೆ. ನಮ್ಮ ಗಡಿನಾಡಿನ ಕನ್ನಡ ಅವರಿಗೆ ತಮಾಷೆ ಅನಿಸಿರಬೇಕು, ಮುಖ ನೋಡಿದರು. ಆಮೇಲೆ, "ಅಕ್ಕಾರ, ಹುಳ ಅದಾವ್ರಿ. ಮುಟ್ಟಬ್ಯಾಡ್ರಿ" ಅಂದರು.

ಹಿಮ್ಮಡಿಯ ಗಾಯದಲ್ಲಿ ಹುಳ ಹರಿದಾಡುತ್ತಿತ್ತು. ಇಂಥದ್ದನ್ನು ಎಳೆದು ತೆಗೆಯಲು ಹೋಗಬಾರದು, ಒಳಗೆ ಸೇರಿಕೊಳ್ಳುತ್ತವೆ. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು ಸ್ವಲ್ಪ ಹೊತ್ತು ಕಾದರೆ ಉಸಿರಿಗಾಗಿ ಮೇಲೆ ಬರುತ್ತವೆ. ಆಗ ಚಿಮುಟದಿಂದ ಒಂದೊಂದೇ ತೆಗೆದು ಸಲೈನಿನಿಂದ ತೊಳೆಯಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮರುದಿನ ಮತ್ತೆ ನೋಡಬೇಕು. ಟಿಟಿ ಇಂಜೆಕ್ಷನ್ ಕೊಡಬೇಕು. ಅಷ್ಟು ಮಾಡುವಾಗಲೂ ಅಜ್ಜ ಒಮ್ಮೆಯೂ ನೋವು ಅನ್ನಲಿಲ್ಲ. ಅದೇ ನನಗೆ ಗಾಬರಿ. ಕಣ್ಣು ಮುಚ್ಚಿಸಿ ಪೆನ್ನಿನ ತುದಿ ತಾಗಿಸಿದರೆ ಪಾದದಲ್ಲಿ ಸ್ಪರ್ಶವೇ ಇಲ್ಲ. ಸಕ್ಕರೆ ಕಾಯಿಲೆ ಇರಬಹುದು, ಕುಷ್ಠ ಇರಬಹುದು. ಎರಡಕ್ಕೂ ಪರೀಕ್ಷೆ ಮಾಡಿಸಿದೆವು. ಇದ್ದದ್ದು ಸಕ್ಕರೆ.

ಮದ್ದು ಬರೆಯುವಾಗ ನಮ್ಮ ಡಾಕ್ಟರ್ ಈಗ ಕೇಳುವ ಮೊದಲ ಪ್ರಶ್ನೆ, "ರಾತ್ರಿ ಎಲ್ಲಿ ಮಲಗ್ತೀರಿ, ಊಟ ಯಾವಾಗ ಸಿಗ್ತದೆ?" ಊಟ ಸಿಗದ ದಿನ ಗ್ಲಿಮೆಪಿರೈಡ್ ಎಂಬ ಸಕ್ಕರೆ ಮಾತ್ರೆ ನುಂಗಿದರೆ ಸಕ್ಕರೆ ಇಳಿದು ಬಿದ್ದೇಬಿಡುತ್ತಾರೆ. ಕಿಡ್ನಿ ಸರಿ ಇದ್ದರೆ ಮೆಟ್‌ಫಾರ್ಮಿನ್ ವಾಸಿ. ಮೂತ್ರ ಜಾಸ್ತಿ ಮಾಡುವ ಬಿಪಿ ಮಾತ್ರೆಯನ್ನು ಶೌಚಾಲಯ ಇಲ್ಲದವರಿಗೆ ಕೊಟ್ಟರೆ ಎರಡೇ ದಿನದಲ್ಲಿ ಬಿಸಾಡುತ್ತಾರೆ. ಬಿಸಾಡಿದ್ದು ಅವರ ತಪ್ಪೇನಲ್ಲ. ಕಜ್ಜಿಗೆ ಮೈಯಿಡೀ ಮುಲಾಮು ಹಚ್ಚಿ, ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ ಅಂದರೆ ಯಾರ ಮನೆಯಲ್ಲಿ ಒಗೆಯಬೇಕು? ಐವರ್ಮೆಕ್ಟಿನ್ ಮಾತ್ರೆ ಎರಡು ಸಲ ಕೊಡುವುದೇ ನಡೆಯುವ ದಾರಿ. ಮಳೆಗಾಲದಲ್ಲಿ ಇಲಿಜ್ವರ ತಡೆಯಲು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ಅದೂ ಏನಾದರೂ ತಿಂದ ಮೇಲೆ. ಹಾಗಾಗಿ ಮಾತ್ರೆಯ ಜೊತೆ ಬನ್ಸ್ ಸಹ ನಮ್ಮ ಬ್ಯಾಗಿನಲ್ಲಿರುತ್ತದೆ.

ಟಿಬಿ ಮದ್ದು ಆರು ತಿಂಗಳು, ದಿನಾ ತಪ್ಪದೆ ತಿನ್ನಬೇಕು. ಅದನ್ನು ಚಾ ಅಂಗಡಿಯವರಿಗೇ ವಹಿಸಿದ್ದೇವೆ. ಬೆಳಗ್ಗಿನ ಚಾ ಜೊತೆ ಮಾತ್ರೆ, ಕಾರ್ಡಿನಲ್ಲಿ ಒಂದು ಗೆರೆ. ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1,000 ರೂಪಾಯಿ ಆಗಿದೆ. ಬರುವುದು ಬ್ಯಾಂಕ್ ಖಾತೆಗೆ. ಖಾತೆ ಮಾಡಿಸುವುದು ಗಾಯ ತೊಳೆಯುವುದಕ್ಕಿಂತ ಕಷ್ಟ, ನಂಬಿ.

ದೊಡ್ಡಾಸ್ಪತ್ರೆಗೆ ಸೇರಿಸುವಾಗ ಎಲ್ಲ ಕಡೆ ಒಂದೇ ಪ್ರಶ್ನೆ, "ಬೈಸ್ಟ್ಯಾಂಡರ್ ಯಾರು?" ಜೊತೆಗೆ ನಿಲ್ಲಲು ಆಳಿಲ್ಲದಿದ್ದರೆ ಬೆಡ್ಡೂ ಇಲ್ಲ ಎನ್ನುವ ಹಾಗೆ ಮಾತಾಡುತ್ತಾರೆ. ಒಂದು ಆಸ್ಪತ್ರೆಯಲ್ಲಿ ಅಜ್ಜನನ್ನು ಮಧ್ಯಾಹ್ನದವರೆಗೆ ಸ್ಟ್ರೆಚರಿನಲ್ಲೇ ಬಿಟ್ಟಿದ್ದರು. ಈಗ ರಿಕ್ಷಾ ಸ್ಟ್ಯಾಂಡಿನವರು ಸರದಿ ಹಾಕಿಕೊಂಡು ನಿಲ್ಲುತ್ತಾರೆ. ಮಾನಸಿಕ ಕಾಯಿಲೆಯಿಂದ ಅಲೆಯುವವರ ವಿಷಯದಲ್ಲಿ ನಾನು ಕಾನೂನನ್ನೇ ಹಿಡಿಯುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ತಮ್ಮನ್ನು ತಾವು ನೋಡಿಕೊಳ್ಳಲಾಗದವರಿಗೆ ರಕ್ಷಣೆ ಕೊಟ್ಟು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಆ ಪುಟದ ಜೆರಾಕ್ಸ್ ಬ್ಯಾಗಿನಲ್ಲಿದೆ. ಜಗಳಕ್ಕಲ್ಲ, ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಅಜ್ಜನ ಕಾಲು ಉಳಿಯಿತು. ವೃದ್ಧಾಶ್ರಮಕ್ಕೆ ಹೋಗುತ್ತೀರಾ ಅಂದರೆ "ಒಲ್ಲೆರಿ" ಎಂದು ತಲೆಯಾಡಿಸಿದರು. ಸ್ಪರ್ಶ ಇಲ್ಲದ ಪಾದಕ್ಕೆಂದು ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ತಂದುಕೊಟ್ಟೆವು, ವಾರದೊಳಗೆ ಕಳವಾಯಿತು. ಜಗಲಿಯಲ್ಲಿ ಹೊಸದು ಯಾವುದೂ ನಿಲ್ಲುವುದಿಲ್ಲ, ಕಂಬಳಿಯೂ ಅಷ್ಟೇ. ಎರಡನೇ ಜೋಡಿಯನ್ನು ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟು, ಮೇಲಿನ ಪಟ್ಟಿ ಕಿತ್ತು ಹಳೇ ಪಟ್ಟಿ ಹಾಕಿಸಿದೆ. ನೋಡಲು ಅಸಹ್ಯವಾಗಿದೆ. ಇನ್ನೂ ಕಾಲಲ್ಲೇ ಇದೆ.