90 ಕುರ್ಚಿಯ ಕೋಣೆಯಲ್ಲಿ ಕಂಟ್ರಿ ಸಂಗೀತ ಕೇಳುವುದು: ನನ್ನ ಅನುಭವ

ಅಮೆರಿಕದ ಕಂಟ್ರಿ ಸಂಗೀತದ ತವರೂರು ನ್ಯಾಶ್‌ವಿಲ್‌ನ ಚಿಕ್ಕ ಜಾಗಗಳಲ್ಲಿ ಮೆಚ್ಚಿನ ಗಾಯಕರನ್ನು ಕೇಳಬೇಕೆಂದು ಹೊರಡುವವರೆಲ್ಲ ಮೊದಲು ಟಿಕೆಟ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಟಿಕೆಟ್ ಸಿಗುವುದು ಕಷ್ಟವೇ, ಸುಳ್ಳಲ್ಲ. ಆದರೆ ಟಿಕೆಟ್ ಸಿಕ್ಕೂ ಅರ್ಧ ಸಂಗೀತ ಕಳೆದುಕೊಂಡು ಬರುವವರು ಬಹಳ ಮಂದಿ. ಎಲ್ಲಿ ಕೂರಬೇಕು ಎಂಬುದನ್ನು ಅವರು ಯೋಚಿಸಿಯೇ ಇರುವುದಿಲ್ಲ.

ಟಿಕೆಟ್ ಮಾತು ಬೇಗ ಮುಗಿಸಿಬಿಡೋಣ. ಹುಡುಕಿದಾಗ ಮೊದಲು ಕಾಣುವ ಜಾಹೀರಾತುಗಳಲ್ಲಿ ಮರುಮಾರಾಟದವರದೇ ದರ್ಬಾರು. ಅಲ್ಲಿಂದ ಕೊಳ್ಳಬೇಡಿ. ಗಾಯಕರ ಸ್ವಂತ ಜಾಲತಾಣದ ಪ್ರವಾಸಪಟ್ಟಿಗೆ ಹೋಗಿ, ಅಲ್ಲಿಂದ ಸಭಾಂಗಣದ ಪುಟಕ್ಕೆ ಹೋಗಿ. ಎರಡು ಕಡೆಯೂ ಮಿಂಚಂಚೆ ಪಟ್ಟಿಗೆ ಹೆಸರು ಕೊಟ್ಟಿರಿ. ಮುಂಗಡ ಮಾರಾಟದ ಸಂಕೇತಪದ ಬಂದರೆ ಆ ದಾರಿಯಲ್ಲೇ ಬರಬೇಕು. ಮಾರಾಟ ಶುರುವಾಗುವ 10 ನಿಮಿಷ ಮೊದಲೇ ಲಾಗಿನ್ ಆಗಿ, ಬ್ಯಾಂಕ್ ಕಾರ್ಡಿನ ವಿವರ ತುಂಬಿಟ್ಟುಕೊಳ್ಳಿ. ನ್ಯಾಶ್‌ವಿಲ್ ಇರುವುದು ಸೆಂಟ್ರಲ್ ಟೈಮ್‌ನಲ್ಲಿ. ಅಲ್ಲಿ ಬೆಳಗಿನ 10 ಗಂಟೆ ಎಂದರೆ ನ್ಯೂಜೆರ್ಸಿಯಲ್ಲಿ 11, ಕ್ಯಾಲಿಫೋರ್ನಿಯಾದಲ್ಲಿ 8. ಪಶ್ಚಿಮದ ಕಡೆಯವರು ಏಳುವಷ್ಟರಲ್ಲಿ 90 ಸೀಟು ಖಾಲಿಯಾಗಿರುತ್ತದೆ. ನಾಲ್ಕು ಟಿಕೆಟ್ ಒಟ್ಟಿಗೆ ಸಿಗದಿದ್ದರೆ ಎರಡೆರಡಾಗಿ, ಅದೂ ಆಗದಿದ್ದರೆ ಒಂದೊಂದಾಗಿ ನೋಡಿ. ಒಂಟಿ ಸೀಟುಗಳು ಕೊನೆಯವರೆಗೂ ಉಳಿಯುತ್ತವೆ.

90 ಸೀಟು ಅಂದದ್ದು ಬ್ಲೂಬರ್ಡ್ ಕೆಫೆಯ ಲೆಕ್ಕ. ಊರಿನ ನಡುವಿನ ಗದ್ದಲದಿಂದ ದೂರ, ಗ್ರೀನ್ ಹಿಲ್ಸ್ ಬಡಾವಣೆಯ ಅಂಗಡಿಸಾಲಿನಲ್ಲಿರುವ ಸಾಧಾರಣ ಕೋಣೆ ಅದು. 1982ರಲ್ಲಿ ಏಮಿ ಕರ್ಲಂಡ್ ತೆರೆದದ್ದು. 2008ರಿಂದ ಹಾಡು ಬರೆಯುವವರ ಸಂಘವೇ ನಡೆಸುತ್ತಿದೆ. 1985ರಲ್ಲಿ ಹಾಡು ಬರೆಯುವ ಡಾನ್ ಶ್ಲಿಟ್ಜ್ ಮತ್ತು ಅವರ ಮೂವರು ಜೊತೆಗಾರರು ವೇದಿಕೆ ಬಿಟ್ಟು ಕೋಣೆಯ ನಡುವೆ ಎದುರುಬದುರಾಗಿ ಕೂತು ಹಾಡಿದರು. ಆ ಪದ್ಧತಿ ಅಲ್ಲೇ ಬೇರುಬಿಟ್ಟಿತು. ನಾಲ್ವರು ಸರದಿಯಂತೆ ಒಂದೊಂದು ಹಾಡು ಹೇಳುತ್ತಾರೆ, ಹಾಡು ಹುಟ್ಟಿದ ಕತೆ ಹೇಳುತ್ತಾರೆ. ಒಬ್ಬರ ಹಾಡಿಗೆ ಮಿಕ್ಕವರು ಗಿಟಾರಿನಲ್ಲೋ ದನಿಯಲ್ಲೋ ಕೂಡಿಕೊಳ್ಳುವುದೂ ಉಂಟು.

ಇದರಲ್ಲಿ ಎರಡು ಲೆಕ್ಕಾಚಾರ ಇವೆ. ಮೊದಲನೆಯದು, ಕತೆ ಸೇರಿ ಒಂದು ಹಾಡಿಗೆ 5–6 ನಿಮಿಷ ಹಿಡಿದರೆ, ಎರಡು ಗಂಟೆಯಲ್ಲಿ ಆಗುವುದು ಸುಮಾರು 20 ಹಾಡು. ನಿಮ್ಮ ಮೆಚ್ಚಿನವರ ಪಾಲಿಗೆ ಐದು. ಒಬ್ಬರಿಗಾಗಿಯೇ ಹೋಗುವುದಾದರೆ ಇದು ಗೊತ್ತಿರಲಿ, ಇಲ್ಲದಿದ್ದರೆ ‘ಇಷ್ಟೇನಾ’ ಅನ್ನಿಸುತ್ತದೆ. ಎರಡನೆಯದು, ನೀವು ಎಲ್ಲೇ ಕೂತರೂ ನಾಲ್ವರಲ್ಲಿ ಒಬ್ಬರ ಬೆನ್ನು ನಿಮ್ಮ ಕಡೆಗಿರುತ್ತದೆ. ಅದು ನಿಮ್ಮವರದೇ ಆಗಬಾರದಲ್ಲ? ಜಾಗ ಆರಿಸಿಕೊಳ್ಳುವ ಅವಕಾಶವಿದ್ದರೆ ಮೊದಲು ಗಿಟಾರುಗಳನ್ನು ನೋಡಿ. ವಾದ್ಯ ಬಂದು ಸ್ಟ್ಯಾಂಡಿನಲ್ಲಿ ಕೂತಿದ್ದರೆ, ಅದರ ಬಣ್ಣ, ಉಜ್ಜಿ ಸವೆದ ಗುರುತು, ಪಟ್ಟಿ ನೋಡಿಯೇ ಯಾರದೆಂದು ಅಭಿಮಾನಿಗೆ ತಿಳಿಯುತ್ತದೆ. ಆ ಕುರ್ಚಿಗೆ ಎದುರಾಗಿ ಅಲ್ಲ, ಸ್ವಲ್ಪ ಓರೆಯಾಗಿ, ಎಡಗೈ ಬೆರಳು ಕಾಣುವ ಕಡೆ ಕೂತರೆ ಲಾಭ.

ಮಾತಾಡಿದರೆ ಅಲ್ಲಿ ‘ಶ್‌’ ಅನ್ನುತ್ತಾರೆ, ಮುಲಾಜಿಲ್ಲ. ಕೆಲವರಿಗೆ ಇದು ಜಂಬ ಅನ್ನಿಸುತ್ತದೆ. ನನಗೆ ಸರಿಯೆನ್ನಿಸುತ್ತದೆ. ಮನೆ ಬೈಠಕ್ಕಿನಲ್ಲಿ ತಂಬೂರಿ ಮುಂದೆ ಕೂತು ಹರಟುತ್ತೇವೆಯೇ?

ಬ್ಯಾಂಜೋ, ಮ್ಯಾಂಡೊಲಿನ್, ಪಿಟೀಲುಗಳ ಕಂಟ್ರಿ ಪ್ರಕಾರವಾದ ಬ್ಲೂಗ್ರಾಸ್ ಕೇಳಬೇಕಾದರೆ ಗಲ್ಚ್ ಪ್ರದೇಶದ ಸ್ಟೇಷನ್ ಇನ್‌. 1974ರಲ್ಲಿ ಶುರುವಾಗಿ 1978ರಿಂದ ಈಗಿನ ಕಟ್ಟಡದಲ್ಲಿದೆ. ಅಲ್ಲಿ ಮೊದಲು ಬಂದವರಿಗೆ ಮೊದಲ ಕುರ್ಚಿ ಎಂಬ ಪದ್ಧತಿ, ಹಾಗಾಗಿ ಬಾಗಿಲು ತೆರೆಯುವ 45 ನಿಮಿಷ ಮುಂಚೆ ಸಾಲಿನಲ್ಲಿರಬೇಕು. ಕೆಲವು ತಂಡಗಳು ಹಳೇ ರೀತಿಯಲ್ಲಿ ಒಂದೇ ಮೈಕು ನಡುವಿಟ್ಟು ಹಾಡುತ್ತವೆ. ಒಂಟಿಯಾಗಿ ನುಡಿಸುವ ಸರದಿ ಬಂದವರು ಮುಂದೆ ಸರಿಯುತ್ತಾರೆ, ಮುಗಿದವರು ಹಿಂದೆ ಜಾರುತ್ತಾರೆ. ಬ್ಯಾಂಜೋ, ಮ್ಯಾಂಡೊಲಿನ್ ಒಂದಕ್ಕೊಂದು ತಾಗದೆ ಸುತ್ತುವ ಆ ಓಡಾಟವೇ ನೋಡಲು ಚಂದ. ಆ ಒಂದು ಮೈಕು ಕೋಣೆಯ ಸದ್ದನ್ನೆಲ್ಲ ಹೀರುತ್ತದೆ. ದನಿ ಏರಿಸಹೋದರೆ ಸ್ಪೀಕರಿನದನ್ನೇ ಮತ್ತೆ ಹಿಡಿದು ಕುಯ್ಯೆಂದು ಕಿರುಚುತ್ತದೆ. ಆದ್ದರಿಂದ ಅದರ ದನಿ ಒಂದು ಮಟ್ಟದ ಮೇಲೆ ಏರುವುದೇ ಇಲ್ಲ. ಹಿಂದಿನ ಮೇಜಿನ ಹರಟೆ ಅದನ್ನು ಸುಲಭವಾಗಿ ನುಂಗುತ್ತದೆ. ಇಂಥ ತಂಡಕ್ಕೆ ಮುಂದಿನ ನಾಲ್ಕು ಸಾಲಿನೊಳಗೇ ಕೂರಬೇಕು.

ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಇರುವ ಪೂರ್ಣ ತಂಡವಾದರೆ ಲೆಕ್ಕ ಉಲ್ಟಾ. ಮೊದಲ ಸಾಲಿಗೆ ನುಗ್ಗುವವರು ಇಲ್ಲೇ ಮೋಸಹೋಗುವುದು. ಗಾಯಕರ ದನಿ ಬರುವ ದೊಡ್ಡ ಸ್ಪೀಕರುಗಳು ವೇದಿಕೆಯ ಎರಡು ಪಕ್ಕದಲ್ಲಿ, ಎತ್ತರದಲ್ಲಿ, ಕೋಣೆಯ ನಡುಭಾಗಕ್ಕೆ ಗುರಿಯಿಟ್ಟಿರುತ್ತವೆ. ಮೊದಲ ಸಾಲಿನ ನೆತ್ತಿಯ ಮೇಲೆ ದನಿ ಹಾದುಹೋಗುತ್ತದೆ. ಕಿವಿಗೆ ನೇರ ಬಡಿಯುವುದು ಡ್ರಮ್ಸ್ ಮತ್ತು ಗಿಟಾರಿನ ದನಿ ಹಿಗ್ಗಿಸುವ ಆಂಪ್‌. ಮುಖ ಚೆನ್ನಾಗಿ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಕಂಟ್ರಿಯಲ್ಲಿ ಮಾತು ಹೋದರೆ ಉಳಿಯುವುದೇನು? ಗೋಡೆಯ ಮೂಲೆಗಳೂ ಬೇಡ, ತಗ್ಗು ಸ್ಥಾಯಿಯ ಸದ್ದು (ಬೇಸ್) ಅಲ್ಲಿ ಗುಡ್ಡೆ ಬೀಳುತ್ತದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಹುಡುಕುವುದು ಧ್ವನಿ ನಿಯಂತ್ರಣದ ಮೇಜನ್ನು. ಅಲ್ಲಿ ಕೂತವರು ತಮ್ಮ ಕಿವಿಗೆ ಸರಿಹೊಂದುವಂತೆ ಎಲ್ಲವನ್ನೂ ಹದ ಮಾಡುತ್ತಾರೆ. ಅವರಿಗಿಂತ ನಾಲ್ಕೈದು ಅಡಿ ಮುಂದೆ ನಿಂತರೆ ಆ ಹದವೇ ನಿಮಗೂ ಸಿಗುತ್ತದೆ.

ಇದಕ್ಕೆ ಒಂದೇ ಒಂದು ವಿನಾಯಿತಿ, ಪೆಡಲ್ ಸ್ಟೀಲ್ ಗಿಟಾರ್. ತಂಡದಲ್ಲಿ ಅದಿದ್ದರೆ ಒಂದೆರಡು ಹಾಡಿಗಾದರೂ ಅದರ ಹತ್ತಿರ ಹೋಗಿ. ಕಾಲಿನ ಮೇಲೆ ನಿಂತ ಉದ್ದನೆಯ ಹಲಗೆ, ಸಾಮಾನ್ಯವಾಗಿ 10 ತಂತಿ. ಬಲಗೈ ಹೆಬ್ಬೆರಳಿಗೂ ಇನ್ನೆರಡು ಬೆರಳಿಗೂ ಮೀಟುವ ಉಗುರು, ಎಡಗೈಯಲ್ಲಿ ತಂತಿ ಮೇಲೆ ಜಾರಿಸುವ ಉಕ್ಕಿನ ದುಂಡು ಸರಳು. ಎಡಗಾಲಿಗೆ ಮೂರು ಪೆಡಲ್‌, ಮೊಣಕಾಲುಗಳ ಅಕ್ಕಪಕ್ಕ ನಾಲ್ಕೈದು ಸನ್ನೆಗೋಲು, ಬಲಗಾಲಿಗೆ ದನಿ ಏರಿಳಿಸುವ ಪೆಡಲ್‌. ತಂತಿ ಮೀಟಿದ ಗಳಿಗೆಯಲ್ಲಿ ಬಲಗಾಲು ದನಿಯನ್ನು ತಗ್ಗಿಸಿಟ್ಟು, ಆಮೇಲೆ ಮೆಲ್ಲನೆ ಏರಿಸುತ್ತದೆ. ಮೀಟಿದ ಸದ್ದೇ ಇಲ್ಲದೆ ಅಳು ಮಾತ್ರ ಕೇಳುವುದು ಅದರಿಂದ. ಎಡಪಾದ ನೋಡಿ: ಸರಳು ಅಲುಗದೆ ಪಕ್ಕಪಕ್ಕದ ಎರಡು ಪೆಡಲ್ ಒಟ್ಟಿಗೆ ಕೆಳಗಿಳಿದವು, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) 1ರಿಂದ 4ಕ್ಕೆ ಜಾರಿತು.

ಈ 1, 4 ಏನು ಅಂದರೆ, ನ್ಯಾಶ್‌ವಿಲ್ ವಾದ್ಯಗಾರರು ಕಾರ್ಡ್‌ಗಳನ್ನು ಅಂಕಿಯಲ್ಲಿ ಬರೆದುಕೊಳ್ಳುತ್ತಾರೆ. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಎಂಬ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ಶುರುಮಾಡಿದ್ದು. ಸರಿಗಮ ಕಲಿತ ಕನ್ನಡಿಗರಿಗೆ ಇದು ಅರ್ಧ ನಿಮಿಷದ ಪಾಠ. ಅವರ ಮೇಜರ್ ಸ್ಕೇಲ್ ನಮ್ಮ ಶಂಕರಾಭರಣದ ಸ್ವರಗಳೇ. 1 ಅಂದರೆ ಷಡ್ಜದ ಮೇಲೆ ಕಟ್ಟಿದ ಕಾರ್ಡ್‌, 4 ಮಧ್ಯಮದ ಮೇಲೆ, 5 ಪಂಚಮದ ಮೇಲೆ. ಶ್ರುತಿ ಯಾವುದಾದರೂ ಅಂಕಿ ಬದಲಾಗುವುದಿಲ್ಲ. ಗಾಯಕರಿಗೆ ಗಂಟಲು ಕಟ್ಟಿ ಶ್ರುತಿ ಇಳಿಸಿದರೆ ಹಾಳೆ ಮತ್ತೆ ಬರೆಯಬೇಕಿಲ್ಲ. ಪಟ್ಟಿಯಲ್ಲಿಲ್ಲದ ಹಾಡನ್ನು ಗಾಯಕರು ಎತ್ತಿಕೊಂಡಾಗ ತಂಡದ ಮುಂದಾಳು ಬೆರಳು ತೋರಿಸುವುದು ಹತ್ತಿರದಲ್ಲಿದ್ದರೆ ಕಾಣುತ್ತದೆ. ಹಾಡಿಗೆ ಮೊದಲು ಒಂದು ಬೆರಳು ಮೇಲಕ್ಕೆ ಎಂದರೆ ಪಾಶ್ಚಾತ್ಯರ ಲೆಕ್ಕದಲ್ಲಿ ಜಿ (G) ಶ್ರುತಿ, ಎರಡಾದರೆ ಡಿ, ಒಂದು ಬೆರಳು ಕೆಳಕ್ಕೆ ಎಂದರೆ ಎಫ್‌. ಹಾಡಿನ ನಡುವೆ ನಾಲ್ಕು ಬೆರಳು ತೋರಿಸಿದರೆ 4ರ ಕಾರ್ಡ್‌.

ಕಿವಿಯ ಮಾತೂ ಹೇಳಬೇಕು. 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೂ ಅವಧಿ ಅರ್ಧ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ ಇದ್ದರೆ 100 ಮುಟ್ಟುವುದು ಕಷ್ಟವೇನಲ್ಲ. ಕಿವಿಗೆ ಹಾಕಿಕೊಳ್ಳುವ ಅಂಗಡಿಯ ಸ್ಪಂಜಿನ ಬೆಣೆ ಹೆಚ್ಚಿನ ಸ್ಥಾಯಿಯನ್ನೇ ಜಾಸ್ತಿ ತಿನ್ನುತ್ತದೆ, ಪಿಟೀಲು ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಸಂಗೀತಗಾರರು ಹಾಕಿಕೊಳ್ಳುವ, ಎಲ್ಲ ಸ್ಥಾಯಿಯನ್ನೂ ಒಂದೇ ಸಮ ತಗ್ಗಿಸುವ ಬೆಣೆ ತೆಗೆದುಕೊಳ್ಳಿ. 15 ಡೆಸಿಬಲ್ ತಗ್ಗಿಸುವಂಥದು ಸಾಕು.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಪಾಸ್‌ಪೋರ್ಟ್ ಮರೆಯಬೇಡಿ. 21 ದಾಟಿದವರಿಗೆ ಮಾತ್ರ ಎಂಬ ನಿಯಮವಿದ್ದಲ್ಲಿ ಬಿಳಿ ಕೂದಲು ನೋಡಿಯೂ ಗುರುತುಪತ್ರ ಕೇಳುತ್ತಾರೆ. ಸಸ್ಯಾಹಾರಿಗಳು ಊಟ ಮುಗಿಸಿಕೊಂಡೇ ಹೋಗುವುದು ಕ್ಷೇಮ. ಒಳಗೆ ಸಿಗುವುದು ಪಾಪ್‌ಕಾರ್ನ್‌, ಪಿಟ್ಸಾ, ಹುರಿದ ಆಲೂಗಡ್ಡೆ. ತಲೆಗಿಷ್ಟು ಡಾಲರಿನ ತಿಂಡಿ ಪಾನೀಯ ಕೊಳ್ಳಲೇಬೇಕು ಎಂಬ ಷರತ್ತು ಬ್ಲೂಬರ್ಡ್‌ನಂಥ ಕಡೆ ಇರುತ್ತದೆ, ಅದನ್ನು ಟಿಕೆಟ್ ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಿ.

ಮುಗಿದ ಮೇಲೆ ಗಾಯಕರು ಎಷ್ಟೋ ಸಲ ಬಾಗಿಲ ಬಳಿ ತಮ್ಮ ಸಾಮಾನಿನ ಮೇಜಿಗೆ ಬರುತ್ತಾರೆ. ರೆಕಾರ್ಡ್ ಕೊಳ್ಳುವುದಿದ್ದರೆ ವಿರಾಮದಲ್ಲೇ ಕೊಂಡು, ಹೊರಗಿನ ಪ್ಲಾಸ್ಟಿಕ್ ಬಿಚ್ಚಿಟ್ಟುಕೊಳ್ಳಿ, ಅದರ ಮೇಲೆ ಸಹಿ ಹಾಕಿಸಿದರೆ ಮನೆಗೆ ಬಂದು ಬಿಚ್ಚುವಾಗ ಸಹಿಯೂ ಹೋಗುತ್ತದೆ. ಹೊಳಪಿನ ರಟ್ಟಿಗೆ ಮಾರ್ಕರ್ ಶಾಯಿ ಬೇಗ ಹಿಡಿಯುವುದಿಲ್ಲ. ಕಾರಿನವರೆಗೂ ಅಂಗೈ ಮೇಲೆ ತಟ್ಟೆಯ ಹಾಗೆ ಹಿಡಿದುಕೊಂಡೇ ನಡೆಯಿರಿ.